ಬೇಸಿಗೆ ರಜೆ, ಒಂದು ಟೆಂಟು, ನಾನೊಬ್ಬಳೇ

ಏಪ್ರಿಲ್ ಬಂತು ಅಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. "ಮೇಡಂ, ನ್ಯಾಷನಲ್ ಪಾರ್ಕ್ ಒಳಗೆ ಒಬ್ಬರೇ ಹೋಗಿ ಟೆಂಟ್ ಹಾಕ್ಬೇಕು, ಎಲ್ಲಿ ಬಿಡ್ತಾರೆ?" ಕೇಳುವವರು ಹೆಚ್ಚಾಗಿ ನನ್ನ ಹಳೇ ವಿದ್ಯಾರ್ಥಿಗಳು. ನಮ್ಮ ಚಿತ್ರದುರ್ಗದಲ್ಲಿ ಓದಿ ಈಗ ಬೆಂಗಳೂರಲ್ಲಿ ಕೆಲಸದಲ್ಲಿರುವವರು. ಅಮೆರಿಕದ ವಿಡಿಯೋ ನೋಡಿರುತ್ತಾರೆ. ಅಲ್ಲಿ ಯಾರೋ ಒಬ್ಬ ಪರ್ಮಿಟ್ ತಗೊಂಡು, ಕರಡಿಗೆ ಬಿಚ್ಚಲಾಗದ ಗಟ್ಟಿ ಡಬ್ಬಿಯಲ್ಲಿ ಊಟ ತುಂಬಿಕೊಂಡು, ಬೆನ್ನಿಗೊಂದು ಮೂಟೆ ಕಟ್ಟಿಕೊಂಡು, ಯಾವುದೋ ಸರೋವರದ ದಡದಲ್ಲಿ ಆರಾಮಾಗಿ ಕೂತಿರುತ್ತಾನೆ. ನಮ್ಮಲ್ಲೂ ಹಾಗೇ ಇರಬೇಕು ಅಂತ ಇವರ ಲೆಕ್ಕ.

ನಮ್ಮಲ್ಲಿ ಹಾಗಿಲ್ಲ. ನಿಮ್ಮ ಟೆಂಟು ನೀವೇ ಹೊತ್ತುಕೊಂಡು ಹೋಗಿ, ಇಷ್ಟ ಬಂದ ಕಡೆ ಹಾಕಿಕೊಂಡು ಮಲಗುವುದು ನಮ್ಮ ರಾಷ್ಟ್ರೀಯ ಉದ್ಯಾನಗಳಲ್ಲಿ ಆಗುವ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಡುವುದೇ ಅಪರಾಧ. ಇನ್ನು ಒಳಗೆ ಒಲೆ ಹಚ್ಚಿ ಮ್ಯಾಗಿ ಮಾಡುವುದನ್ನು ಕೇಳಲೇಬೇಡಿ. ಕರ್ನಾಟಕದಲ್ಲಿ ಇರುವುದೇ ಐದು ರಾಷ್ಟ್ರೀಯ ಉದ್ಯಾನ: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಬಂಡೀಪುರ, ನಾಗರಹೊಳೆಯಲ್ಲಿ ಹುಲಿ, ಆನೆ. ಅಲ್ಲಿ ಜೀಪು ಹತ್ತಿ ನೋಡಿ ಬರಬೇಕು, ಅಷ್ಟೇ. ನಡೆಯುವವರ ಬಾಯಲ್ಲಿ ಮೊದಲು ಬರುವ ಹೆಸರು ಕುದುರೆಮುಖ. ಅಲ್ಲೂ ಗೈಡ್ ಜೊತೆಗೆ ಇರಲೇಬೇಕು, ಮೊದಲೇ ಹೆಸರು ನೋಂದಾಯಿಸಬೇಕು, ಸಂಜೆಯೊಳಗೆ ಕೆಳಗೆ ಇಳಿದಿರಬೇಕು. ಅದರ ಮೇಲೆ ಬೇಸಿಗೆಯಲ್ಲಿ ಬೆಂಕಿ ಭಯಕ್ಕೆ ಚಾರಣವನ್ನೇ ನಿಲ್ಲಿಸುತ್ತಾರೆ. ಅಂದರೆ ನಮಗೆ ರಜೆ ಇದ್ದಾಗ ಅದಕ್ಕೂ ರಜೆ.

ಹಾಗಾದರೆ ಬೇಸಿಗೆಯಲ್ಲಿ ಒಬ್ಬಳೇ ಏನು ಮಾಡುವುದು? ನನ್ನ ದಾರಿ ಸರಳ. ನಡೆಯುವುದು ಒಂದು ಕಡೆ, ಮಲಗುವುದು ಇನ್ನೊಂದು ಕಡೆ. ಬೆಳಿಗ್ಗೆ ಗುಡ್ಡಕ್ಕೆ, ಅನುಮತಿ ಎಷ್ಟಿದೆಯೋ ಅಷ್ಟು. ರಾತ್ರಿ ಕೂಗಿದರೆ ಒಬ್ಬರಿಗಾದರೂ ಕೇಳಿಸುವ ಜಾಗಕ್ಕೆ. ಇದೇನು ಕ್ಯಾಂಪಿಂಗಾ ಅಂತ ಮೂಗು ಮುರಿಯುವವರು ಮುರಿಯಲಿ. ನನಗೆ ಬೇಕಾದ್ದು ಒಬ್ಬಳೇ ನಡೆಯುವುದು, ಆಕಾಶ ನೋಡಿಕೊಂಡು ಮಲಗುವುದು. ಎರಡೂ ಸಿಗುತ್ತಿದೆ, ಸಾಕಲ್ವಾ?

ಕುದುರೆಮುಖಕ್ಕೆ ನಾನು ಹೋಗಿದ್ದು ದಸರಾ ರಜೆಯಲ್ಲಿ. ಚಿಕ್ಕಮಗಳೂರಿಗೆ ಬಸ್ಸು, ಅಲ್ಲಿಂದ ಕೊಟ್ಟಿಗೆಹಾರದ ಮೇಲೆ ಕಳಸ, ಕಳಸದಿಂದ ಜೀಪು. ಮುಳ್ಳೋಡಿಯಲ್ಲಿ ಒಂದು ಮನೆಯಲ್ಲಿ ಉಳಿದಿದ್ದೆ, ಅಂಗಳದಲ್ಲಿ ಟೆಂಟ್ ಹಾಕಿಕೊಳ್ಳಲು ಬಿಟ್ಟರು. ಮೇಲೆ ಹೋಗಿ ಬರಲು 20 ಕಿ.ಮೀ. ಆಸುಪಾಸು, ತುದಿ 1,890 ಮೀಟರ್ ದಾಟುತ್ತದೆ. ದುರ್ಗ ಇರುವುದು 732 ಮೀಟರ್‌ನಲ್ಲಿ. ಎತ್ತರಕ್ಕಿಂತ ನನ್ನನ್ನು ಸುಸ್ತು ಮಾಡಿದ್ದು ಆ ಒದ್ದೆ. ಬಯಲುಸೀಮೆಯವರಿಗೆ ಬಟ್ಟೆ ಒಣಗುವುದೇ ಇಲ್ಲ ಅನ್ನುವುದು ಸುಮ್ನೆ ಕೇಳಿದರೆ ಅರ್ಥವಾಗಲ್ಲ. ಅಲ್ಲಿ ಹೋಗಿ ಒಂದು ಜೊತೆ ಸಾಕ್ಸ್ ಒಗೆದು ನೋಡಬೇಕು.

ಗೈಡ್ ಆಗಿ ಬಂದವರು ಅದೇ ಊರಿನವರು, ಹೆಚ್ಚು ಮಾತಿಲ್ಲ. ಹುಲ್ಲುಗಾವಲಿನ ಮಧ್ಯೆ ನಿಂತು ಒಂದು ಹಿಡಿ ಹುಲ್ಲು ಹಿಡಿದು ತೋರಿಸಿದರು. ಮೊಣಕಾಲು ಮುಳುಗುವಷ್ಟು ಎತ್ತರ, ಬುಡದಲ್ಲಿ ನೀರು ತೊಟ್ಟಿಕ್ಕುತ್ತಿತ್ತು. "ಈಗ ಹಿಂಡಿದ್ರೆ ನೀರು ಬರ್ತದೆ ಮೇಡಂ. ಫೆಬ್ರವರಿಗೆ ಬನ್ನಿ, ಒಂದು ಬೀಡಿ ಸಾಕು, ಆ ಗುಡ್ಡದಿಂದ ಈ ಗುಡ್ಡಕ್ಕೆ ಹಾರ್ತದೆ." ಕಣಿವೆಗಳಲ್ಲಿ ಶೋಲಾ ಅನ್ನುವ ಕಾಡು, ಮೇಲೆಲ್ಲಾ ಹುಲ್ಲು. ಮಳೆಗಾಲದಲ್ಲಿ ಬಿದ್ದ ನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುವುದು ಈ ಹುಲ್ಲು, ಈ ಶೋಲಾ ಕಾಡು ಎರಡೂ ಸೇರಿ. ಈ ಉದ್ಯಾನದ ಒಳಗೇ ಗಂಗಾಮೂಲ ಇದೆ. ಭದ್ರಾ ಹುಟ್ಟುವುದು ಅಲ್ಲಿ. ತುಂಗಾ, ನೇತ್ರಾವತಿಯೂ ಅಲ್ಲೇ. ಅದೇ ಭದ್ರೆ ಲಕ್ಕವಳ್ಳಿಯಲ್ಲಿ ನಿಂತು, ನಾಲೆಯಲ್ಲಿ ಹರಿದು ದಾವಣಗೆರೆಯ ಭತ್ತದ ಗದ್ದೆಗೆ ಬರುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯಿಂದ ಈಗ ನಮ್ಮ ಮಾರಿ ಕಣಿವೆ ಅಣೆಕಟ್ಟಿಗೂ ಬರುತ್ತಿದೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತಲ್ಲ, ಆಗ ಅದು ಯಾರದೋ ಮಲೆನಾಡಿನ ವಿಷಯ ಅಂತ ನಮ್ಮ ಕಡೆ ತುಂಬಾ ಜನ ಅಂದುಕೊಂಡಿದ್ದರು. ನಮ್ಮ ನಲ್ಲಿ ನೀರಿನ ವಿಷಯವೇ ಅದು.

ಬೇಸಿಗೆಯಲ್ಲಿ ಅಲ್ಲಿಗೆ ಬಿಡದಿದ್ದರೆ ನನಗೆ ಸಿಟ್ಟಿಲ್ಲ. ಬಿಡಬಾರದು ಕೂಡ.

ಸರಿ, ಈಗ ನಮ್ಮ ಕಡೆಯ ವಿಷಯ. ವರ್ಷಕ್ಕೆ ಆರುನೂರು ಮಿ.ಮೀ. ಆಸುಪಾಸು ಮಳೆ ಕಾಣುವ ಊರು ನಮ್ಮದು. ಏಪ್ರಿಲ್, ಮೇ ತಿಂಗಳಲ್ಲಿ ಗುಡ್ಡಕ್ಕೆ ಹೋಗುತ್ತೇನೆ ಅಂದರೆ ಸ್ಟಾಫ್ ರೂಮಲ್ಲಿ ಎಲ್ಲರೂ ಒಂದು ಥರ ನೋಡುತ್ತಾರೆ. ಬಿಸಿಲಿಗೆ ಹೋಗುವವರು ಯಾರು? ನಾನೂ ಬಿಸಿಲಿಗೆ ಹೋಗುವುದಿಲ್ಲ. ಐದೂವರೆಗೆ ಕಾಲು ಹಾಕಿದರೆ ಒಂಬತ್ತೂವರೆ, ಹತ್ತರೊಳಗೆ ವಾಪಸ್ ನೆರಳಲ್ಲಿ ಇರಬೇಕು. ಆಮೇಲೆ ಕಲ್ಲು ಕಾಯಲು ಶುರುವಾಗುತ್ತದೆ. ಮೇಲಿನ ಬಿಸಿಲನ್ನಾದರೂ ಟೋಪಿ ತಡೆಯುತ್ತದೆ, ಕೆಳಗಿನಿಂದ ಬಂಡೆ ಉಗುಳುವ ಕಾವಿಗೆ ಏನೂ ಮಾಡಲಾಗಲ್ಲ.

ರಜೆ ಶುರುವಾಗುವ ಮುಂಚೆ ಕೋಟೆಯಲ್ಲಿ ಕಾಲು ಸರಿ ಮಾಡಿಕೊಳ್ಳುತ್ತೇನೆ. ಬ್ಯಾಗಿನಲ್ಲಿ ನೀರಿನ ಬಾಟಲಿ ತುಂಬಿಕೊಂಡು, ಬಾಗಿಲು ತೆಗೆಯುತ್ತಿದ್ದ ಹಾಗೆ ಒಳಗೆ ಹೋಗಿ, ಮೆಟ್ಟಿಲು ಹತ್ತುವುದು ಇಳಿಯುವುದು. ಐದು ಲೀಟರ್ ನೀರು ಅಂದರೆ ಐದು ಕಿಲೋ. ಹತ್ತುವಾಗ ಗೊತ್ತಾಗಲ್ಲ, ಇಳಿಯುವಾಗ ಮೊಣಕಾಲು ಹೇಳುತ್ತದೆ. ಕೋಟೆಯಲ್ಲಿ ಎಲ್ಲರೂ ಓಬವ್ವನ ಕಿಂಡಿ ಹತ್ತಿರ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಬೇಸಿಗೆಯಲ್ಲಿ ನೋಡಬೇಕಾದ್ದು ಹೊಂಡಗಳನ್ನು. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರೊಳಗಿನ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ. ಒಂದು ಹನಿ ಹೊರಗೆ ಹೋಗದ ಹಾಗೆ ಕಟ್ಟಿದ್ದಾರೆ. ಬರಗಾಲದ ನಾಡಲ್ಲಿ ಏಳು ಸುತ್ತಿನ ಕೋಟೆ ಮುತ್ತಿಗೆ ತಡೆದುಕೊಂಡಿದ್ದು ಬರೀ ಗೋಡೆಯಿಂದ ಅಲ್ಲ.

ಜೋಗಿಮಟ್ಟಿ ನನ್ನ ಮೆಚ್ಚಿನ ಜಾಗ. ದುರ್ಗದಿಂದ ಅರ್ಧ ಗಂಟೆ ಸ್ಕೂಟರಿನಲ್ಲಿ. ಮೇಲೆ ಗಾಳಿಯಂತ್ರಗಳು, ಕೆಳಗೆ ಕುರುಚಲು ಕಾಡು. 2015ರಲ್ಲಿ ಇದು ವನ್ಯಜೀವಿಧಾಮ ಆಯಿತು, 100 ಚದರ ಕಿ.ಮೀ. ಆಸುಪಾಸು. ಆದ್ದರಿಂದ ಇಲ್ಲೂ ಅದೇ ಕಾಯ್ದೆ. ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ, ಬಿಟ್ಟ ದಾರಿಯಲ್ಲಿ ಮಾತ್ರ ನಡೆಯಬೇಕು, ರಾತ್ರಿ ಉಳಿಯುವ ಹಾಗಿಲ್ಲ. ಗೇಟಿನಲ್ಲಿ "ಒಬ್ರೇನಾ?" ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ. "ಹಿಂದೆ ಯಾರಾದ್ರೂ ಬರ್ತಾರಾ?" ಇಲ್ಲ ಅನ್ನುತ್ತೇನೆ. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, ವಾಪಸ್ ಬಂದಾಗ ಹೇಳಿ ಹೋಗಿ ಅನ್ನುತ್ತಾರೆ. ಒಂಟಿಯಾಗಿ ಓಡಾಡುವ ಹೆಂಗಸಿಗೆ ಈ ಮಾತು ಕಿರಿಕಿರಿ ಅಂತ ಕೆಲವರು ಬರೆಯುತ್ತಾರೆ. ನನಗೆ ಇದು ಉಪಕಾರ. ನಾನು ಒಳಗಿದ್ದೇನೆ ಅಂತ ಗೊತ್ತಿರುವವನು ಒಬ್ಬನಿದ್ದಾನೆ.

ಮಾರ್ಚ್ ಕಳೆದರೆ ಕಾಡು ಪೂರಾ ಬೋಳು. ಮುತ್ತುಗದ ಹೂವು ಉದುರಿ ಹೋಗಿರುತ್ತದೆ, ಸೀತಾಫಲದ ಗಿಡ ಒಣ ಕಡ್ಡಿ. ಆದರೆ ಬೋಳಾದ ಕಾಡಲ್ಲಿ ಕಾಣಿಸುವುದು ಜಾಸ್ತಿ. ನವಿಲು ಓಡಿದರೆ ಒಣ ಎಲೆ ಸದ್ದು ದೂರದಿಂದಲೇ ಹೇಳುತ್ತದೆ. ದಾರಿಯಲ್ಲಿ ಮಣ್ಣು ಮೆತ್ತಗಿರುವ ಕಡೆ ಹೆಜ್ಜೆ ಗುರುತು ಓದಬಹುದು. ಒಂದು ಬೆಳಿಗ್ಗೆ ದಾರಿ ಮಧ್ಯದಲ್ಲೇ ಕರಡಿ ಹಿಕ್ಕೆ ಸಿಕ್ಕಿತು. ದೊಡ್ಡ ಗುಪ್ಪೆ, ಕಪ್ಪಗೆ, ಮೇಲೆ ಇನ್ನೂ ತೇವ. ಕಡ್ಡಿಯಿಂದ ಬಿಡಿಸಿ ನೋಡಿದರೆ ಬೀಜ, ಗೆದ್ದಲಿನ ತಲೆ ಚಿಪ್ಪು, ಒಂದಷ್ಟು ಮಣ್ಣು. ಪಕ್ಕದ ಹುತ್ತ ಅರ್ಧ ಕೆದರಿತ್ತು, ಒಳಗಿನ ಮಣ್ಣಿನ ಬಣ್ಣ ಇನ್ನೂ ಒಣಗಿರಲಿಲ್ಲ, ಉಗುರಿನ ಗೀರು ಸಾಲಾಗಿ ಕಾಣುತ್ತಿತ್ತು. ಅಂದರೆ ರಾಯರು ಈಗಷ್ಟೇ ತಿಂಡಿ ಮುಗಿಸಿ ಹೋಗಿದ್ದಾರೆ. ನಾನು ಜೋರಾಗಿ ಕೆಮ್ಮಿ, ಕೋಲಿನಿಂದ ಕಲ್ಲಿಗೆ ಬಡಿಯುತ್ತಾ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆ. ಕರಡಿಗೆ ಕಣ್ಣು ಮಂದ, ಗಾಳಿ ಈ ಕಡೆ ಬೀಸಿದರೆ ವಾಸನೆಯೂ ಸಿಗಲ್ಲ, ಎದುರಿಗೆ ದಿಢೀರ್ ಅಂತ ಮನುಷ್ಯ ಬಂದರೆ ಹೆದರಿ ಮೇಲೆ ಬೀಳುತ್ತದೆ. ಅದಕ್ಕೆ ಮೊದಲೇ ಸುದ್ದಿ ಮುಟ್ಟಿಸಬೇಕು.

ಇದಕ್ಕೇ ಒಂದು ಮಾತು ಒತ್ತಿ ಹೇಳುತ್ತೇನೆ. ನಮ್ಮ ಕಲ್ಲುಗುಡ್ಡಗಳಲ್ಲಿ ಬಿಸಿಲು ಏರಿದಾಗ ದೊಡ್ಡ ಬಂಡೆ ಸಂದಿಯ ನೆರಳು ಕೈ ಬೀಸಿ ಕರೆಯುತ್ತದೆ. ಹೋಗಬೇಡಿ. ಹಗಲಲ್ಲಿ ಕರಡಿ ಮಲಗುವುದು ಅಲ್ಲೇ. ಚಿರತೆಗೂ ಅದೇ ಇಷ್ಟ. ಮೇಲೆ ತಲೆ ಎತ್ತಿ ನೋಡಿದರೆ ಹೆಜ್ಜೇನು ಕಟ್ಟಿರುತ್ತದೆ. ಸೆಂಟ್ ಹಾಕಿಕೊಂಡು ಗುಡ್ಡಕ್ಕೆ ಬರುವವರನ್ನು ನಾನು ನೋಡಿದ್ದೇನೆ, ದೇವರೇ ಕಾಪಾಡಬೇಕು. ನೆರಳು ಬೇಕಾದರೆ ಬಯಲಲ್ಲಿರುವ ಮರ ಹುಡುಕಿ. ಸಿಗದಿದ್ದರೆ ಕೊಡೆ. ಹೌದು, ಕೊಡೆ. ಅಜ್ಜಿಯ ಕಪ್ಪು ಕೊಡೆ ನನ್ನ ಬ್ಯಾಗಿನಲ್ಲಿ ಸದಾ ಇರುತ್ತದೆ. ಅದನ್ನು ನೋಡಿ ನಗುವ ಬೆಂಗಳೂರಿನ ಹುಡುಗರು ಒಂಬತ್ತು ಗಂಟೆಗೆ ನನ್ನ ಹತ್ತಿರ ಬಂದು ಕೂರುತ್ತಾರೆ.

ನೀರಿನ ಲೆಕ್ಕ ಹೀಗೆ: ಅರ್ಧ ಖಾಲಿ ಆಯಿತಾ, ಎಲ್ಲಿದ್ದರೂ ತಿರುಗಬೇಕು. ತುದಿ ಕಣ್ಣೆದುರೇ ಇರಲಿ. ಬೇಸಿಗೆಯಲ್ಲಿ ಗುಡ್ಡದ ಮೇಲೆ ತುಂಬಿಸಿಕೊಳ್ಳಲು ಎಲ್ಲೂ ನೀರಿರಲ್ಲ. ಅಕಸ್ಮಾತ್ ದೊಣೆಯಲ್ಲಿ ಒಂದಿಷ್ಟು ಉಳಿದಿದ್ದರೆ ಅದು ಪ್ರಾಣಿಗಳಿಗೆ ಇರಲಿ, ನಾವು ಅದರ ಪಕ್ಕ ಕೂರುವುದೂ ತಪ್ಪು. ಓಆರ್‌ಎಸ್ ಪ್ಯಾಕೆಟ್ ಜೊತೆಗಿರಲಿ. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಈರುಳ್ಳಿ. ಎಷ್ಟು ಬಿಸಿಲಿಗೂ ಕೆಡಲ್ಲ, ಒಲೆ ಬೇಡ. ಖಾರ ಮಂಡಕ್ಕಿ ಒಯ್ಯುವುದನ್ನು ಬಿಟ್ಟೆ. ರುಚಿ ಏನೋ ಸರಿ, ಆದರೆ ಬಾಯಾರಿಕೆ ತಡೆಯಲಾಗಲ್ಲ.

ಇನ್ನು ರಾತ್ರಿ. ನನ್ನ ಟೆಂಟು ಇರುವುದು ಮಾರಿ ಕಣಿವೆ ಹಿನ್ನೀರಿನ ಕಡೆ, ಸೋದರಮಾವನ ತೋಟದಲ್ಲಿ. ವಾಣಿ ವಿಲಾಸ ಸಾಗರ ಅಂತ ಹೆಸರಿದ್ದರೂ ನಮಗೆ ಅದು ಮಾರಿ ಕಣಿವೆಯೇ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ಶುರು ಮಾಡಿ 1907ಕ್ಕೆ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಮಾವನ ಅಪ್ಪ ಕೋಡಿ ನೋಡಬೇಕು ಅನ್ನುತ್ತಲೇ ಹೋದರು. ಮಾವ ನೋಡಿದರು, ವಾರವೆಲ್ಲಾ ಅದೇ ಮಾತು.

ಟೆಂಟ್ ಹಾಕಿದ ಮೊದಲ ಸಂಜೆ ಮಾವ ಬಂದು ಸುತ್ತ ಒಂದು ಸುತ್ತು ಹಾಕಿ ನೋಡಿದರು. "ಯಾಕಮ್ಮಾ, ಮನೆಯಾಗೆ ಮಂಚ ಇಲ್ವಾ? ನೋಡ್ದೋರು ಏನಂತಾರೆ, ಅಕ್ಕನ ಮಗಳನ್ನ ಹೊರಗೆ ಮಲಗ್ಸವ್ನೆ ಅಂತಾರೆ." ಅತ್ತೆ ಚೊಂಬಿನಲ್ಲಿ ಮಜ್ಜಿಗೆ ಹಿಡಿದುಕೊಂಡು ನಿಂತು, "ಬಿಡ್ರೀ, ರಜ ಐತೆ, ಏನೋ ಆಡ್ಕೊಳ್ಳಿ" ಅಂದರು. ನನಗೆ ನಲವತ್ತು ದಾಟಿದೆ ಅನ್ನುವುದು ಅತ್ತೆಗೆ ಲೆಕ್ಕಕ್ಕಿಲ್ಲ.

ಜಾಗ ಆರಿಸಿದ್ದು ಮಾವನೇ. ನಾನು ತೆಂಗಿನ ಸಾಲಿನ ಮಧ್ಯೆ ತಂಪಿದೆ ಅಂದೆ. "ತಲೆ ಮ್ಯಾಲೆ ಕಾಯಿ ಬಿದ್ರೆ ತಂಪಾಗೇ ಮಲಗ್ತೀಯ" ಅಂದರು. ಕೊನೆಗೆ ಕಣದಲ್ಲಿ ಹಾಕಿದ್ದು. ನೆಲ ಸಮ, ಮೇಲೆ ಮರ ಇಲ್ಲ, ಹುಲ್ಲಿಲ್ಲದ ಕಾರಣ ಹಾವು ಬಂದರೆ ಕಾಣುತ್ತದೆ. ನಮ್ಮ ಕಲ್ಲು ನೆಲದಲ್ಲಿ ಉರಿಮಂಡಲದ ಭಯ ಇದ್ದೇ ಇದೆ. ಸಣ್ಣ ಹಾವು, ಮಣ್ಣಿನದೇ ಬಣ್ಣ, ಓಡಾಡುವುದು ರಾತ್ರಿ. ಟಾರ್ಚ್ ಇಲ್ಲದೆ ಒಂದು ಹೆಜ್ಜೆಯೂ ಇಡಬಾರದು, ಬೂಟು ಕೊಡವದೆ ಕಾಲು ತೂರಿಸಬಾರದು. ಚೇಳು ಅಂತೂ ಬೂಟಿನೊಳಗೇ ಮನೆ ಮಾಡುತ್ತದೆ. ಕಣದ ನೆಲ ಎಷ್ಟು ಗಟ್ಟಿ ಅಂದರೆ ಟೆಂಟಿನ ಗೂಟ ಸೊಟ್ಟಗಾಗುತ್ತದೆ ಹೊರತು ಒಳಗೆ ಹೋಗಲ್ಲ. ನಾಲ್ಕು ಮೂಲೆಗೆ ಸೈಜುಗಲ್ಲು ಇಟ್ಟು ಹಗ್ಗ ಕಟ್ಟಿದೆ. ಮೇಲಿನ ಮಳೆ ಹೊದಿಕೆ ತೆಗೆದು ಬರೀ ಸೊಳ್ಳೆ ಪರದೆ ಬಿಟ್ಟರೆ ಗಾಳಿ ಆಡುತ್ತದೆ, ನಕ್ಷತ್ರ ಕಾಣುತ್ತದೆ. ಆದರೆ ಬೆಳಿಗ್ಗೆ ಏಳಕ್ಕೆಲ್ಲಾ ಒಳಗೆ ಇಡ್ಲಿ ಪಾತ್ರೆಯ ಹಬೆ. ಹೇಗೂ ಅಷ್ಟೊತ್ತಿಗೆ ನಾನು ಗುಡ್ಡದಲ್ಲಿರುತ್ತೇನೆ.

ಅಲ್ಲಿಂದ ನಾನು ಹೋಗುವ ಒಂದು ಜಾಗದ ಬಗ್ಗೆ ಯಾರೂ ಬರೆಯುವುದಿಲ್ಲ: ಹಿರಿಯೂರು ಮತ್ತು ದುರ್ಗದ ಮಧ್ಯೆ, ಐಮಂಗಲದ ಕಡೆಯ ಮರಡಿಹಳ್ಳಿ. ಅಲ್ಲಿನ ಬಂಡೆ ಪೂರಾ ದಿಂಬು ಪೇರಿಸಿಟ್ಟ ಹಾಗಿದೆ. ಅದಕ್ಕೇ ಭೂವಿಜ್ಞಾನಿಗಳು ಪಿಲ್ಲೋ ಲಾವಾ ಅನ್ನುತ್ತಾರೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡು ಹಾಕಿದ್ದಾರೆ. ಲಾವಾ ಹೀಗೆ ಉಂಡೆ ಕಟ್ಟುವುದು ನೀರಿನ ಅಡಿ ಉಕ್ಕಿದಾಗ ಮಾತ್ರ. ಹೊರಗಿನ ಪದರ ನೀರು ತಾಗಿ ಗಟ್ಟಿಯಾಗುತ್ತದೆ, ಒಳಗಿನದು ಒಡೆದು ಮುಂದಕ್ಕೆ ಉಕ್ಕಿ ಇನ್ನೊಂದು ಉಂಡೆಯಾಗುತ್ತದೆ. ಒಂದು ದಿಂಬಿನ ಅಂಚಿನ ಮೇಲೆ ಬೆರಳಾಡಿಸಿದರೆ ಹೊರಗಿನ ತೆಳು ಪದರ, ಒಳಗಿನ ಒರಟು ಕಲ್ಲು ಎರಡೂ ಬೇರೆ ಬೇರೆ ಅಂತ ಕೈಗೇ ಗೊತ್ತಾಗುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯದು. ಕೊಳವೆಬಾವಿ ಸಾವಿರ ಅಡಿ ಕೊರೆದರೂ ನೀರು ಸಿಗದ ಈ ಸೀಮೆ ಒಂದು ಕಾಲಕ್ಕೆ ಸಮುದ್ರದಡಿ ಇತ್ತು. ಇದನ್ನು ಮಾವನಿಗೆ ಹೇಳಿದೆ. "ಆ ನೀರೆಲ್ಲಾ ಯಾರು ಕುಡುದ್ರಮ್ಮಾ?" ಅಂದರು. ಪಾಠದಲ್ಲಿ ಯಾವ ಹುಡುಗನೂ ಇಷ್ಟು ಒಳ್ಳೆ ಪ್ರಶ್ನೆ ಕೇಳಿಲ್ಲ.

ಜಗಳೂರು ಕಡೆ ರಂಗಯ್ಯನದುರ್ಗ ಇನ್ನೂ ಬಾಕಿ ಇದೆ. 2011ರಲ್ಲಿ ಕೊಂಡಕುರಿಗೆ ಅಂತಲೇ ಮಾಡಿದ ಧಾಮ ಅದು. ಗಂಡಿಗೆ ನಾಲ್ಕು ಕೊಂಬು, ಭಾರತ ನೇಪಾಳ ಬಿಟ್ಟರೆ ಕಾಡಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಅನುಮತಿಗೆ ಪತ್ರ ಬರೆದಿದ್ದೇನೆ.

ಮೇ ಮೊದಲ ವಾರ ಭರಣಿ ಮಳೆ ಹಿಡಿಯಿತು. ಭರಣಿ ಬಂದರೆ ಧರಣಿಯೆಲ್ಲಾ ಬೆಳೆ ಅನ್ನುವುದು ಸರಿ, ಆದರೆ ಟೆಂಟಿನಲ್ಲಿರುವವಳಿಗೆ ಅದರ ಮೊದಲು ಬರುವುದು ಗಾಳಿ, ಧೂಳು, ಸಿಡಿಲು. ಪಶ್ಚಿಮಕ್ಕೆ ಮೋಡ ಕಪ್ಪಾದ ಕೂಡಲೇ ನಾನು ಎಲ್ಲ ಕಳಚಿ ಸುತ್ತಿ ಮನೆಯೊಳಗೆ ಬಂದೆ. ಬಯಲಲ್ಲಿ ಲೋಹದ ಕಡ್ಡಿ ನಿಲ್ಲಿಸಿಕೊಂಡು ಅದರ ಕೆಳಗೆ ಕೂರುವುದು ಧೈರ್ಯ ಅಲ್ಲ. ವಿಜ್ಞಾನ ಮೇಡಂ ಆಗಿ ಅಷ್ಟಾದರೂ ಗೊತ್ತಿರಬೇಕು. ಅತ್ತೆ ಗೆದ್ದವರ ಥರ ಮಂಚದ ಮೇಲೆ ಚಾದರ ಹಾಸಿ, "ಈಗ ಬಂದ್ಯಲ್ಲಾ ದಾರಿಗೆ" ಅಂದರು. ಒಂದು ಗಂಟೆ ಸುರಿದು ನಿಂತಿತು. ಬೆಳಿಗ್ಗೆ ಗೂಟ ಸಲೀಸಾಗಿ ನೆಲಕ್ಕೆ ಇಳಿಯಿತು.

ಒಬ್ಬಳೇ ಹೋಗಲು ಹೆದರಿಕೆ ಆಗಲ್ವಾ ಅಂತ ಕೇಳುವವರಿಗೆ: ಆಗುತ್ತದೆ. ಕರಡಿಗಿಂತ ಜಾಸ್ತಿ ದಾರಿಯಲ್ಲಿ ಬೈಕ್ ನಿಲ್ಲಿಸಿಕೊಂಡು ಕುಡಿಯುವ ಗುಂಪು ಕಂಡರೆ ಆಗುತ್ತದೆ. ಅಂಥ ಕಡೆ ನಾನು ಇಳಿಯುವುದೇ ಇಲ್ಲ, ಸ್ಕೂಟರ್ ತಿರುಗಿಸಿ ವಾಪಸ್. ಅಮ್ಮನಿಗೆ ಯಾವ ಗುಡ್ಡ, ಯಾವ ದಾರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೇನೆ ಅಂತ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಬರುತ್ತೇನೆ. ಹತ್ತು ಗಂಟೆ ದಾಟಿ ಹತ್ತು ನಿಮಿಷ ಆದರೆ ಅಮ್ಮ ಮೊದಲು ಮಾವನಿಗೆ ಫೋನ್ ಮಾಡುತ್ತಾಳೆ, ಮಾವ ಬೈಕ್ ಹತ್ತುತ್ತಾರೆ. ಯಾವ ಆ್ಯಪ್‌ಗಿಂತಲೂ ಇದು ಚುರುಕು.

ಮಾವನ ತೋಟದಲ್ಲಿ ಟೆಂಟ್ ಹಾಕಬಹುದಾ ಅಂತ ಕೇಳಬೇಡಿ, ಅದು ಹೋಮ್‌ಸ್ಟೇ ಅಲ್ಲ. ನಿಮ್ಮದೇ ಊರಲ್ಲಿ ಗುಡ್ಡದ ಬುಡಕ್ಕೆ ತೋಟ ಇರುವ ಯಾರಾದರೂ ಮಾವ, ಚಿಕ್ಕಪ್ಪ ಇದ್ದೇ ಇರುತ್ತಾರೆ. ಮದುವೆ ಮನೆಯಲ್ಲಿ ಸಿಕ್ಕಾಗ ಒಂದು ಮಾತು ಕೇಳಿ ಇಟ್ಟುಕೊಳ್ಳಿ. ಮಂಚ ಇಲ್ವಾ ಅಂತ ಅವರೂ ಕೇಳುತ್ತಾರೆ, ಉತ್ತರ ರೆಡಿ ಮಾಡಿಕೊಂಡು ಹೋಗಿ.